ಅಜಂತಾದ ಗೋಡೆ ಮೇಲಿರೋದು ನಮ್ಮ ಪುಲಕೇಶಿನಾ? ನೋಡಿಬಂದವರು ಹೇಳ್ರಿ

ಪೇಟೆಬೀದಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮನೆಮಂದಿಯೆಲ್ಲ ಸೇರಿ ಗಾಡಿ ಮಾಡಿಕೊಂಡು ಎಲ್ಲೋರ, ಅಜಂತಾ ಎರಡೂ ನೋಡಿ ಬಂದ್ವಿ. ಹುಬ್ಬಳ್ಳಿ, ವಿಜಯಪುರ, ಸೋಲಾಪುರ, ಬೀಡ್ ಹಾದು ಔರಂಗಾಬಾದ್ ಮುಟ್ಟೋ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಅಲ್ಲಿಂದ ಅಜಂತಾ ಇನ್ನೂ ನೂರು ಕಿಲೋಮೀಟರ್.

ಒಂದನೇ ಗುಹೆಯಲ್ಲಿ ಗೈಡ್‌ಗೆ ನಾವು ಕರ್ನಾಟಕದವರು ಅಂತ ಗೊತ್ತಾಯ್ತು ನೋಡಿ, ಒಂದು ಚಿತ್ರದ ಕಡೆ ಕೈ ತೋರಿಸಿ "ಇವರೇ ನಿಮ್ಮ ಪುಲಕೇಶಿ ಮಹಾರಾಜರು, ಪರ್ಷಿಯಾದ ರಾಯಭಾರಿ ಕಾಣಿಕೆ ತಂದಿದ್ದಾನೆ" ಅಂದ. ಸಿಂಹಾಸನದ ಮೇಲೆ ರಾಜ, ಎದುರಿಗೆ ಚೂಪು ಟೊಪ್ಪಿ, ಗಡ್ಡದ ಪರದೇಶಿಗಳು. ನಮ್ಮ ಹುಡುಗರಿಗೆ ಖುಷಿಯೋ ಖುಷಿ. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ಳೋವಾಗ ಪಕ್ಕದ ಗುಂಪಿನ ಗೈಡ್ ಅದೇ ಚಿತ್ರ ಯಾವುದೋ ಜಾತಕ ಕಥೆ (ಬುದ್ಧನ ಹಿಂದಿನ ಜನ್ಮದ ಕಥೆ) ಅಂತ ವಿವರಿಸ್ತಿದ್ದ. ಯಾವುದು ಸರಿ? ಮಗಳು ಶಾಲೆ ಪ್ರಾಜೆಕ್ಟ್‌ಗೆ ಬರೀಬೇಕು, ಅದಕ್ಕೇ ಅರ್ಜೆಂಟು.

ಚಾಲುಕ್ಯ ಹುಲಿ

ಇದರಲ್ಲಿ ಕೇಳೋದೇನಿದೆ ಅಣ್ಣಾ? ಪುಲಕೇಶಿನೇ. ನಾವು ಚಿಕ್ಕವರಿದ್ದಾಗ ಶಾಲೆಯಲ್ಲೇ ಓದಿದೀವಿ. ಪರ್ಷಿಯಾದ ಎರಡನೇ ಖುಸ್ರೋ ಜೊತೆ ರಾಯಭಾರ ಇತ್ತು ಅಂತ ಅರಬ್ಬೀ ಇತಿಹಾಸಕಾರ ತಬರಿನೇ ಬರೆದಿಟ್ಟಿದ್ದಾನೆ. ಹರ್ಷನನ್ನ ನರ್ಮದೆಯಲ್ಲಿ ತಡೆದವನ ಚಿತ್ರ ಅಜಂತಾದಲ್ಲಿ ಇರದೆ ಇನ್ನೆಲ್ಲಿ ಇರಬೇಕು? ಬರೀರಿ ಪ್ರಾಜೆಕ್ಟ್‌ನಲ್ಲಿ ಧೈರ್ಯವಾಗಿ.

ಹಳೇ ಮೇಷ್ಟ್ರು (ಮೊಳಕಾಲ್ಮೂರು)

ತಡೀರಿ, ಮಗುವಿನ ಪ್ರಾಜೆಕ್ಟ್‌ಗೆ ಕಲ್ಲು ಹಾಕಬೇಡಿ. ನಾನೂ ಇಪ್ಪತ್ತು ವರ್ಷ ತರಗತಿಯಲ್ಲಿ ಇದನ್ನೇ ಹೇಳಿಕೊಂಡು ಬಂದವನು, ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಆ ರಾಜನನ್ನು ಪುಲಕೇಶಿ ಅಂತ ಗುರುತಿಸಿದ್ದು ಜೇಮ್ಸ್ ಫರ್ಗುಸನ್, 1879ರಲ್ಲಿ. ಆಗ ಒಂದನೇ ಗುಹೆ 7ನೇ ಶತಮಾನದ್ದು ಅಂತ ನಂಬಿದ್ದರು. ತಬರಿ ಹೇಳೋ ರಾಯಭಾರ ಕ್ರಿ.ಶ. 625ರ ಸುಮಾರಿನದು, ಪುಲಕೇಶಿ ಆಳಿದ್ದು 610ರಿಂದ 642. ಲೆಕ್ಕ ಹಾಲುಜೇನಿನ ಹಾಗೆ ಕೂಡಿಬಂತು. ತೊಂದರೆ ಆಗಿದ್ದು ಗುಹೆಯ ಕಾಲದಲ್ಲಿ. ಅಜಂತಾದಲ್ಲಿ ಕೆಲಸ ನಡೆದಿದ್ದು ಎರಡು ಸಲ. ಮೊದಲನೆಯದು ಕ್ರಿಸ್ತಪೂರ್ವದಲ್ಲಿ, ಶಾತವಾಹನರ ಕಾಲ: 9, 10ನೇ ಚೈತ್ಯಗಳು (ಪೂಜೆಯ ಗುಹೆಗಳು), 12, 13ನೇ ವಿಹಾರಗಳು (ಭಿಕ್ಷುಗಳು ಇರೋ ಗುಹೆಗಳು). ಆಮೇಲೆ ನಾನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯ ಸದ್ದಿಲ್ಲ. ಎರಡನೆಯದು 5ನೇ ಶತಮಾನದ ಕೊನೆಯ ಅರ್ಧ, ವಾಕಾಟಕ ದೊರೆ ಹರಿಷೇಣನ ಕಾಲ. 16ನೇ ಗುಹೆಯನ್ನು ಮಾಡಿಸಿದವನು ಅವನ ಮಂತ್ರಿ ವರಾಹದೇವ, ಅಲ್ಲೇ ಶಾಸನ ಇದೆ. ಒಂದನೇ ಗುಹೆಯೂ ಆ ಕಂತಿನದೇ. ಅಂದರೆ ಚಿತ್ರ ಬರೆದ ಬಣ್ಣ ಒಣಗಿ ಸುಮಾರು ನೂರಮೂವತ್ತು ವರ್ಷ ಆದ ಮೇಲೆ ನಮ್ಮ ಪುಲಕೇಶಿ ಪಟ್ಟಕ್ಕೆ ಬಂದ. ಹುಟ್ಟದೇ ಇರೋ ರಾಜನ ಚಿತ್ರ ಯಾರು ಬರೀತಾರೆ?

ಜರ್ಮನಿಯ ಡೀಟರ್ ಶ್ಲಿಂಗ್ಲಾಫ್ ಅನ್ನೋ ವಿದ್ವಾಂಸರು ಅದನ್ನ ಮಹಾಸುದರ್ಶನನ ಕಥೆ ಅಂತ ಗುರುತಿಸಿದರು. ಬುದ್ಧ ಹಿಂದಿನ ಒಂದು ಜನ್ಮದಲ್ಲಿ ಚಕ್ರವರ್ತಿಯಾಗಿದ್ದ ಕಥೆ ಅದು. ಚಕ್ರವರ್ತಿ ಅಂದಮೇಲೆ ನಾಲ್ಕು ದಿಕ್ಕಿನವರೂ ಕಾಣಿಕೆ ತರಬೇಕಲ್ಲ, ಪರ್ಷಿಯಾದವರೂ ಬಂದರು. ಪಕ್ಕದ ಗುಂಪಿನ ಗೈಡ್ ಹೇಳಿದ್ದೇ ಸರಿ.

ಚಾಲುಕ್ಯ ಹುಲಿ

ಮೇಷ್ಟ್ರೇ, ಎಲ್ಲಾ ಮಹಾರಾಷ್ಟ್ರದವರಿಗೆ ಬರೆದುಕೊಟ್ಟುಬಿಡಿ ಹಂಗಾದ್ರೆ.

ಏಳುಸುತ್ತು (ದುರ್ಗ)

ವಾಕಾಟಕರು ಇವತ್ತಿನ ಮಹಾರಾಷ್ಟ್ರದವರೂ ಅಲ್ಲ, ಕರ್ನಾಟಕದವರೂ ಅಲ್ಲ ಕಣಪ್ಪ, ಅವರು ವಾಕಾಟಕರು. ಗಡಿ ಗಲಾಟೆ 5ನೇ ಶತಮಾನಕ್ಕೆ ಒಯ್ಯಬೇಡ. ನಿಂಗೆ ಕನ್ನಡದ ದೊರೆನೇ ಬೇಕು ಅಂದ್ರೆ ಎಲ್ಲೋರದ ಕೈಲಾಸ ಐತಲ್ಲ. ರಾಷ್ಟ್ರಕೂಟ ಒಂದನೇ ಕೃಷ್ಣ, 8ನೇ ಶತಮಾನ. ಒಂದೇ ಬೆಟ್ಟನ ಮೇಲಿಂದ ಕೆಳಕ್ಕೆ ಕೊರ್ಕೊಂಡು ಬಂದವ್ರೆ. ಅದು ಸಾಲ್ದಾ?

ಹಳೇ ಮೇಷ್ಟ್ರು (ಮೊಳಕಾಲ್ಮೂರು)

ಹುಲಿಯವರಿಗೆ ಒಂದು ಸಮಾಧಾನ ಕೊಡ್ತೀನಿ. ಚೀನಾದ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದನಲ್ಲ, ಅದೇ ಬರಹದಲ್ಲಿ ರಾಜ್ಯದ ಪೂರ್ವದ ಅಂಚಿನ ಬೆಟ್ಟದಲ್ಲಿ, ಕತ್ತಲು ಕಣಿವೆಯಲ್ಲಿ ಒಂದು ಸಂಘಾರಾಮ, ಅಂದರೆ ಬೌದ್ಧ ಮಠ ಇದೆ, ಬಾಗಿಲಾಚೆ ಎಡಕ್ಕೊಂದು ಬಲಕ್ಕೊಂದು ಕಲ್ಲಾನೆ ಇವೆ ಅಂತ ಹೇಳ್ತಾನೆ. ಅದು ಅಜಂತಾನೇ ಅಂತ ಬಹಳ ಜನ ಒಪ್ಪಿದ್ದಾರೆ. 16ನೇ ಗುಹೆಯ ಮೆಟ್ಟಿಲ ಹತ್ತಿರ ಆ ಆನೆಗಳು ಈಗಲೂ ಇವೆ. ಪುಲಕೇಶಿ ಗೋಡೆ ಮೇಲೆ ಇಲ್ಲದಿದ್ದರೂ ಅವನ ರಾಜ್ಯದೊಳಗೆ ಆ ಗೋಡೆ ಇತ್ತು. ಇಷ್ಟನ್ನ ಪ್ರಾಜೆಕ್ಟ್‌ನಲ್ಲಿ ಬರೆದರೆ ಯಾವ ಟೀಚರೂ ತಪ್ಪು ಹಾಕಲ್ಲ.

ಹೊಸದುರ್ಗದಾಕಿ

ಪೇಟೆಬೀದಿಯವರೇ, ಚಿತ್ರ ಸರಿಯಾಗಿ ಕಂಡ್ವಾ? ನಾವು ಹೋದಾಗ ಗುಹೆ ಒಳಗೆ ಕಾಲಿಟ್ಟರೆ ಬರೀ ಕತ್ತಲು. ನಮ್ಮನೆಯವರು "ದುಡ್ಡು ಕೊಟ್ಟು ಕತ್ತಲೆ ನೋಡೋಕೆ ಬಂದ್ವಾ" ಅಂದ್ರು.

ಪೇಟೆಬೀದಿ (ದಾವಣಗೆರೆ)

ನಮಗೂ ಮೊದಲು ಹಂಗೇ ಆಯ್ತ್ರಿ ಅಕ್ಕ. ಹತ್ತು ನಿಮಿಷ ಕಣ್ಣು ಪಳಗೋವರೆಗೂ ಸುಮ್ಮನೆ ಕೂತ್ವಿ. ಆಮೇಲೆ ಒಂದೊಂದೇ ಮುಖ ಗೋಡೆಯಿಂದ ಹೊರಗೆ ಬಂದಂಗೆ ಬಂದ್ವು. ಪದ್ಮಪಾಣಿ ಅಂತ ಇದಾನಲ್ಲ, ಕೈಯಲ್ಲಿ ಕಮಲ ಹಿಡಿದು ತಲೆ ಒಂದು ಕಡೆ ವಾಲಿಸಿ ನಿಂತಿರೋನು. ಅವನ ಹುಬ್ಬು ಒಂದೇ ಎಳೆತಕ್ಕೆ ಬರೆದಂಗಿದೆ, ಎಲ್ಲೂ ಕುಂಚ ಎತ್ತಿಲ್ಲ ಅನ್ನಿಸುತ್ತೆ. ಕಣ್ಣು ಕೆಳಗೆ. ಎದುರಿಗೆ ನಿಂತರೆ ನಮ್ಮನ್ನ ನೋಡಲ್ಲ ಅವನು, ನಾವೇ ಅವನು ನೋಡೋ ಕಡೆ ನೋಡಬೇಕು. ಮಗಳಿಗೆ ಮಾತ್ರ ಕಂಬದ ಮೇಲಿನ ಜಿಂಕೆ ಕೆತ್ತನೆ ಹಿಡಿಸಿತು, ನಾಲ್ಕು ಮೈಗೆ ಒಂದೇ ತಲೆ. ಯಾವ ಕಡೆಯಿಂದ ನೋಡಿದರೂ ತಲೆ ಆ ಜಿಂಕೆದೇ ಅನ್ನಿಸುತ್ತೆ.

ನಮ್ಮ ಅಪ್ಪಾಜಿ ಕಥೆ ಬೇರೆ. ಅವರು ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಚಿತ್ರದ ಕಡೆ ನೋಡಲೇ ಇಲ್ಲ. ಗಿಲಾವು ಉದುರಿ ಕಲ್ಲು ಕಾಣೋ ಕಡೆ ಬಗ್ಗಿ, ಕೈ ಹಿಂದಕ್ಕೆ ಕಟ್ಟಿಕೊಂಡು (ಮುಟ್ಟಬೇಡಿ ಅಂತ ಕಾವಲುಗಾರ ಎರಡು ಸಲ ಹೇಳಿದ್ದ) ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕರೆದು "ಲೇ, ಇದು ಗಾರೆ ಅಲ್ಲ, ಮಣ್ಣು. ಭತ್ತದ ಹೊಟ್ಟು ಹಾಕ್ಯಾರ ನೋಡು" ಅಂದ್ರು. ನಾನು ನಂಬಲಿಲ್ಲ. ಸಾವಿರದೈನೂರು ವರ್ಷ ಮಣ್ಣು ನಿಲ್ಲುತ್ತಾ?

ಇದ್ದಿಲು

ನಿಮ್ಮ ಅಪ್ಪಾಜಿ ಕಾಲಿಗೆ ಬೀಳ್ತೀನಿ ಸರ್. ನಾನು ದಾವಣಗೆರೆಯಲ್ಲೇ ಚಿತ್ರಕಲೆ ಓದ್ತಿದೀನಿ. ನಾವು ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದನ್ನ ಅವರು ಬರಿಗಣ್ಣಲ್ಲಿ ಹೇಳಿದಾರೆ.

ಅಜಂತಾ ಚಿತ್ರಗಳನ್ನ ಜನ ಫ್ರೆಸ್ಕೊ ಅಂತಾರೆ, ಅದು ತಪ್ಪು. ಫ್ರೆಸ್ಕೊ ಅಂದ್ರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚೋದು, ಗಾರೆ ಒಣಗ್ತಾ ಬಣ್ಣವನ್ನ ತನ್ನೊಳಗೆ ಕಚ್ಚಿ ಹಿಡಿಯುತ್ತೆ. ಅಜಂತಾದಲ್ಲಿ ಹಂಗಲ್ಲ. ಉಳಿ ಏಟಿನ ಒರಟು ಕಲ್ಲಿನ ಮೇಲೆ ಮೊದಲು ದಪ್ಪ ಮಣ್ಣು ಮೆತ್ತಿದಾರೆ. ಕಬ್ಬಿಣದ ಅಂಶ ಇರೋ ಮಣ್ಣು, ಮರಳು, ಭತ್ತದ ಹೊಟ್ಟು, ಹುಲ್ಲು, ನಾರು. ಅದರ ಮೇಲೆ ನಯವಾದ ಇನ್ನೊಂದು ಪದರ. ಅದರ ಮೇಲೆ ಸುಣ್ಣದ ತೆಳು ಲೇಪ, ಮೊಟ್ಟೆ ಚಿಪ್ಪಿನಷ್ಟು. ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ. ಹಾಗಾಗಿ ಬಣ್ಣ ಗೋಡೆಯೊಳಗೆ ಇಳಿದಿಲ್ಲ, ಮೇಲೆ ಕೂತಿದೆ ಅಷ್ಟೇ. ನೀರು ತಾಗಿದರೆ ಮುಗೀತು.

ಬಣ್ಣಗಳೂ ನಮ್ಮ ಕಾಲ ಕೆಳಗಿನವೇ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಮಸಿ, ಬಿಳಿಗೆ ಸುಣ್ಣ, ಜೇಡಿ. ನೀಲಿ ಒಂದೇ ಶ್ರೀಮಂತರ ಬಣ್ಣ. ಅದು ಲಾಜವರ್ದ ಕಲ್ಲು, ಆಫ್ಘಾನಿಸ್ತಾನದ ಬದಕ್ಷಾನ್ ಕಡೆಯಿಂದ ಬರಬೇಕು. ಹಳೇ ಕಾಲದ 9, 10ನೇ ಗುಹೆಯ ಮೊದಲ ಚಿತ್ರಗಳಲ್ಲಿ ಈ ನೀಲಿ ಇಲ್ಲ. ವಾಕಾಟಕರ ಕಾಲಕ್ಕೆ ಬರುತ್ತೆ.

ಹೊಸದುರ್ಗದಾಕಿ

ಅಯ್ಯೋ, ನಮ್ಮಜ್ಜಿ ಮನೆ ಗೋಡೆನೂ ಇದೇ ಅಲ್ವಾ! ಮಣ್ಣು ತುಳಿದು, ಹೊಟ್ಟು ಹಾಕಿ, ಮೆತ್ತಿ, ಮೇಲೆ ಸಗಣಿ ಸಾರಿಸಿ, ಹಬ್ಬಕ್ಕೆ ಸುಣ್ಣ ಬಳಿದು, ಕೆಳಗಡೆ ಕೆಮ್ಮಣ್ಣಿನ ಪಟ್ಟಿ ಎಳೆಯೋದು. ಅಜ್ಜಿ ಆ ಪಟ್ಟಿ ಮೇಲೆ ಬೆರಳಲ್ಲೇ ಸುಣ್ಣದ ಚುಕ್ಕಿ ಇಡ್ತಿದ್ರು. ನಾವು ಅದನ್ನ ಕೆಡವಿ ಸಿಮೆಂಟು ಮಾಡಿಸಿದ್ವಿ.

ಜೋಗಿಮಟ್ಟಿ

ಹೊಟ್ಟು ಯಾಕೆ ಹಾಕೋದು? ಹುಳ ಹಿಡಿಯಲ್ವಾ?

ಪೇಟೆಬೀದಿ (ದಾವಣಗೆರೆ)

ಅಪ್ಪಾಜಿಗೆ ಕೇಳಿದೆ. ಬರೀ ಮಣ್ಣು ಮೆತ್ತಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತಂತೆ. ಹೊಟ್ಟು, ನಾರು ಇದ್ದರೆ ಒಂದಕ್ಕೊಂದು ಹಿಡಿದುಕೊಳ್ಳುತ್ತೆ, ಬಿರುಕು ಬಂದರೂ ಕೂದಲೆಳೆಯಷ್ಟು ಬಂದು ಅಲ್ಲೇ ನಿಲ್ಲುತ್ತೆ. ಗೋಡೆ ಹಗುರನೂ ಆಗುತ್ತೆ. ಮಾಡಿಗೆ ಮೆತ್ತಬೇಕಂದ್ರೆ ಹಗುರ ಇರಲೇಬೇಕು, ಇಲ್ಲಾಂದ್ರೆ ತಲೆ ಮೇಲೆ ಬೀಳುತ್ತೆ ಅಂದ್ರು. "ಹುಳ ಹಿಡಿಯೋದು ಹಿಡೀತೈತಿ, ಮನುಷ್ಯರಿಗಿಂತ ಕಡಿಮೆ ಕೆಡಿಸ್ತಾವು" ಅಂತ ಒಂದು ಮಾತು ಸೇರಿಸಿದರು.

ಇದ್ದಿಲು

ಹುಳದ ಪ್ರಶ್ನೆ ಒಳ್ಳೇದು. ಹುಳ, ಬಾವಲಿ, ಮಳೆನೀರಿನ ಜಿನುಗು ಎಲ್ಲಾ ಅಲ್ಲಿ ಇರೋ ಕಾಟಗಳೇ. ಎಲ್ಲೋರದ ಗಿಲಾವಿನಲ್ಲಿ ಗಾಂಜಾ ಗಿಡದ ನಾರು ಸಿಕ್ಕಿದೆ, ಹುಳ ಹತ್ತಿರ ಬರದೆ ಇರೋಕೆ ಅದೂ ಒಂದು ಕಾರಣ ಇರಬಹುದು ಅಂತಾರೆ. (ಕ್ಲಾಸಲ್ಲಿ ಇದನ್ನ ಹೇಳಿದ ದಿನ ಹಿಂದಿನ ಬೆಂಚಿನವರೂ ನೋಟ್ಸ್ ಬರ್ಕೊಂಡ್ರು.)

ಆದ್ರೆ ಅಪ್ಪಾಜಿ ಹೇಳಿದ ಮಾತು ಇನ್ನೂ ದೊಡ್ಡದು. 1819ರ ಏಪ್ರಿಲ್ 28ಕ್ಕೆ ಜಾನ್ ಸ್ಮಿತ್ ಅನ್ನೋ ಬ್ರಿಟಿಷ್ ಅಧಿಕಾರಿ ಹುಲಿ ಬೇಟೆಗೆ ಬಂದವನು ಗುಹೆ ಕಂಡ. ಮಾಡಿದ ಮೊದಲನೇ ಕೆಲಸ ಏನು ಗೊತ್ತಾ? 10ನೇ ಗುಹೆಯ ಕಂಬದ ಮೇಲೆ, ಚಿತ್ರದ ಮೈಮೇಲೇ, ತನ್ನ ಹೆಸರು ತಾರೀಖು ಕೊರೆದ. ಈಗಲೂ ಇದೆ, ಆದ್ರೆ ನಮ್ಮ ತಲೆಗಿಂತ ಮೇಲೆ. ಆಗ ಗುಹೆಯೊಳಗೆ ಆಳೆತ್ತರ ಮಣ್ಣುಕಲ್ಲು ತುಂಬಿತ್ತು, ಅದರ ಮೇಲೆ ನಿಂತು ಕೊರೆದಿದ್ದಾನೆ.

ಆಮೇಲೆ ನಕಲು ತೆಗೆಯೋರು ಬಂದರು. ರಾಬರ್ಟ್ ಗಿಲ್ ಅನ್ನೋ ಸೇನಾಧಿಕಾರಿ 1844ರಿಂದ ವರ್ಷಗಟ್ಟಲೆ ಅಲ್ಲೇ ಕೂತು ಕ್ಯಾನ್ವಾಸ್ ಮೇಲೆ ನಕಲು ಮಾಡಿದ. 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ಗೆ ಬೆಂಕಿ ಬಿದ್ದು ಹೆಚ್ಚಿನವೆಲ್ಲ ಬೂದಿ. ಮುಂಬಯಿ ಕಲಾಶಾಲೆಯ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನ ಕರ್ಕೊಂಡು ಹೋಗಿ 1872ರಿಂದ ಮತ್ತೆ ಶುರು ಮಾಡಿದ. 1885ರಲ್ಲಿ ಅವುಗಳಲ್ಲೂ ಎಷ್ಟೋ ಲಂಡನ್ನಿನ ಇನ್ನೊಂದು ಬೆಂಕಿಗೆ ಹೋದವು. ಮಣ್ಣಿನ ಗೋಡೆ ಉಳೀತು, ವಿಲಾಯಿತಿ ಮ್ಯೂಸಿಯಂ ಸುಟ್ಟಿತು.

ಏಳುಸುತ್ತು (ದುರ್ಗ)

ಬುದ್ಧನ ಶಾಪ ಅನ್ನೋಣ ಅಂದ್ರೆ ಆತ ಶಾಪ ಹಾಕೋ ಪೈಕಿ ಅಲ್ಲ.

ಇದ್ದಿಲು

ಇನ್ನೂ ಇದೆ. 1920ರಿಂದ 22ರವರೆಗೆ ಹೈದರಾಬಾದ್ ನಿಜಾಮರ ಸರ್ಕಾರ ಇಟಲಿಯಿಂದ ಲೊರೆಂಜೊ ಚೆಕೋನಿ, ಓರ್ಸಿನಿ ಅನ್ನೋ ಇಬ್ಬರನ್ನ ಕರೆಸಿತು. ಉದ್ದೇಶ ಒಳ್ಳೇದೇ, ಉದುರ್ತಿದ್ದ ಗಿಲಾವನ್ನ ಕಲ್ಲಿಗೆ ಅಂಟಿಸಿ ನಿಲ್ಲಿಸಿದರು. ಆದರೆ ಬಣ್ಣದ ಮೇಲೆ ಅರಗಿನ ವಾರ್ನಿಷ್ ಹೊಡೆದರು. ಅವತ್ತಿಗೆ ಫಳಫಳ. ವರ್ಷ ಕಳೆದಂತೆ ಅದು ಹಳದಿಯಾಗಿ, ಕಂದಾಗಿ, ಧೂಳು ಹಿಡಿದು, ಬಿಗಿದುಕೊಂಡು ಬಣ್ಣದ ಚಕ್ಕೆಯನ್ನೇ ಎಬ್ಬಿಸೋಕೆ ಶುರು ಮಾಡ್ತು. ಪುರಾತತ್ವ ಇಲಾಖೆಯವರು ಹತ್ತಾರು ವರ್ಷದಿಂದ ಅಂಗೈಯಗಲದಷ್ಟೇ ಜಾಗ ತಗೊಂಡು ಅದನ್ನ ಬಿಡಿಸ್ತಾ ಕೂತಿದಾರೆ. ನಾವು ಅಜಂತಾ ಬಣ್ಣ ಅಂದ್ಕೊಂಡಿರೋ ಕಂದು ಛಾಯೆಯಲ್ಲಿ ಎಷ್ಟೋ ಪಾಲು ವಾರ್ನಿಷ್‌ದು.

ಹೊಸದುರ್ಗದಾಕಿ

ಇದನ್ನ ಓದಿ ಹೊಟ್ಟೆ ಉರಿದುಹೋಯ್ತು, ಹೇಳಿಬಿಡ್ತೀನಿ. ನನ್ನ ತವರೂರಿನ ಗುಡಿಯ ಮಾಡಿನಲ್ಲಿ ಹಳೇ ಚಿತ್ರ ಇದ್ವು. ಗಿರಿಜಾ ಕಲ್ಯಾಣ. ಮಂಟಪದ ಒಂದು ಮೂಲೆಯಲ್ಲಿ ಅಡುಗೆ ಮಾಡೋ ಹೆಂಗಸರನ್ನೂ ಬರೆದಿದ್ರು, ಒಬ್ಬಾಕಿ ಒಲೆ ಊದ್ತಾ ಕಣ್ಣು ಮುಚ್ಚಿಕೊಂಡಿದ್ಲು, ಹೊಗೆ ಹೋಗಿದೆ ಅನ್ನೋ ಹಂಗೆ. ಚಿಕ್ಕೋಳಿದ್ದಾಗ ತೇರಿನ ದಿನ ಅಂಗಾತ ಮಲಗಿ ಆಕಿಯನ್ನೇ ನೋಡ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ತೇರಿಗೆ ಹೋದ್ರೆ ಮಾಡು ಪೂರ್ತಿ ಆಕಾಶನೀಲಿ ಆಯಿಲ್ ಪೇಂಟು! ಜೀರ್ಣೋದ್ಧಾರ ಅಂತೆ. ಯಾರದೋ ಹರಕೆ. ನೆಂಟರ ಮುಂದೆ ಜಗಳ ಆಡೋಕೂ ಆಗ್ಲಿಲ್ಲ, ಪ್ರಸಾದಕ್ಕೂ ಕೂರಲಿಲ್ಲ, ಬಸ್ ಹತ್ತಿ ಬಂದೆ.

ಹಳೇ ಮೇಷ್ಟ್ರು (ಮೊಳಕಾಲ್ಮೂರು)

ತಾಯೀ, ನಿಮ್ಮದೊಂದೇ ಊರಲ್ಲ.

ಉಳಿದಿರೋದನ್ನಾದರೂ ನೋಡಿಕೊಳ್ಳಬೇಕು. ಹಿರಿಯೂರಿನ ತೇರುಮಲ್ಲೇಶ್ವರ ಗುಡಿಯ ರಂಗಮಂಟಪದಲ್ಲಿ ರಾಮಾಯಣ, ಮಹಾಭಾರತದ ಚಿತ್ರಗಳಿವೆ. ತುಮಕೂರು, ಶಿರಾ ನಡುವೆ ಹೆದ್ದಾರಿ ಪಕ್ಕದಲ್ಲೇ ಸೀಬಿ ನರಸಿಂಹಸ್ವಾಮಿ ಗುಡಿ. ಬೆಂಗಳೂರಿಗೆ ಹೋಗೋವಾಗ ಎಲ್ಲರೂ ಕಾಫಿಗೆ ನಿಲ್ಲಿಸ್ತೀರಿ, ಸೀಬಿಗೆ ನಿಲ್ಲಿಸಲ್ಲ. ಇನ್ನು ಬಾದಾಮಿ ಮೂರನೇ ಗುಹೆ: ಮಂಗಳೇಶನ ಶಾಸನದಲ್ಲಿ ಶಕ 500 ಅಂತ ಸ್ಪಷ್ಟವಾಗಿದೆ, ಅಂದರೆ ಕ್ರಿ.ಶ. 578. ಅದರ ಮಾಡಿನ ಬಾಗಿನಲ್ಲೂ ಅಜಂತಾದ ನೆಂಟಸ್ತಿಕೆಯ ಚಿತ್ರಗಳಿದ್ದವು, ಈಗ ಅಲ್ಲಲ್ಲಿ ಕಲೆಯಷ್ಟೇ. ಹುಲಿಯವರೇ, ಚಾಲುಕ್ಯರ ಬಣ್ಣ ನೋಡಬೇಕು ಅಂದರೆ ಅಲ್ಲಿ ಹೋಗಿ ಕತ್ತೆತ್ತಿ. ಮಂಗಳೇಶ ಯಾರು ಅಂತ ನಿಮಗೆ ಹೇಳಬೇಕಿಲ್ಲ.

ಚಾಲುಕ್ಯ ಹುಲಿ

ಗೊತ್ತು ಮೇಷ್ಟ್ರೇ, ಪುಲಕೇಶಿ ಚಿಕ್ಕಪ್ಪ. ಮೂರು ಸಲ ಬಾದಾಮಿಗೆ ಹೋಗಿದೀನಿ, ಮೇಲೆ ನೋಡೇ ಇಲ್ಲ. ಕೋತಿ ಕಾಟಕ್ಕೆ ಚೀಲ ಹಿಡ್ಕೊಳ್ಳೋದೇ ಆಯ್ತು.

ಜೋಗಿಮಟ್ಟಿ

ನನ್ನದೊಂದು ಡೌಟು. ನಮ್ಮ ದುರ್ಗದಲ್ಲಿ ಇಷ್ಟೊಂದು ಬಂಡೆ ಬೆಟ್ಟ ಇದಾವೆ, ಏಳು ಸುತ್ತಿನ ಕೋಟೆ ಕಟ್ಟೋಷ್ಟು ಕಲ್ಲುಕುಟಿಗರಿದ್ರು. ಒಂದು ಗುಹೆ ಯಾಕೆ ಕೊರೀಲಿಲ್ಲ? ಚಂದ್ರವಳ್ಳಿಯ ಅಂಕಲಿ ಮಠದ ಗುಹೆ ಇದೆ, ಆದ್ರೆ ಅದು ಬಂಡೆಗಳ ಸಂದಿನಲ್ಲಿ ಕಟ್ಟಿಕೊಂಡಿರೋದು.

ಏಳುಸುತ್ತು (ದುರ್ಗ)

ನಮ್ಮದು ಗ್ರಾನೈಟು ಕಣ್ರಿ. ಉಳಿನೇ ಮುರಿದುಹೋಗ್ತಾವೆ. ಅಜಂತಾದ್ದು ಲಾವಾ ಹರಿದು ಆರಿದ ಕಪ್ಪು ಕಲ್ಲು, ಪದರ ಪದರ. ಬಾದಾಮಿದು ಮರಳುಗಲ್ಲು, ಬೆಣ್ಣೆ. ನಮ್ಮೋರು ಬುದ್ಧಿವಂತರು, ಕೊರೆಯೋ ಬದ್ಲು ಸೀಳಿ ಗೋಡೆ ಕಟ್ಟಿದ್ರು.

ಹಳೇ ಮೇಷ್ಟ್ರು (ಮೊಳಕಾಲ್ಮೂರು)

ಗ್ರಾನೈಟ್ ಕೊರೆಯೋದು ಕಷ್ಟ, ಆಗಲ್ಲ ಅಂತೇನಿಲ್ಲ. ಬಿಹಾರದ ಬರಾಬರ್ ಗುಹೆಗಳು ಗ್ರಾನೈಟಿನವೇ, ಒಳಗೋಡೆ ಕನ್ನಡಿ ಹಾಗೆ ಹೊಳೆಯುತ್ತೆ. ಕೊರೆಸಿ ಆಜೀವಕ ಸನ್ಯಾಸಿಗಳಿಗೆ ಕೊಟ್ಟವನು ಅಶೋಕ. ಅದೇ ಅಶೋಕನ ಶಾಸನ ನಮ್ಮ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದಲ್ಲಿ ಇದೆ. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಊರಿನವರಿಗೆ ಅದು ಮೊದಲಿನಿಂದಲೂ ಅಕ್ಷರಗುಂಡು. ತಂದೆತಾಯಿ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ ಅಂತ ಬರೆಸಿದ್ದಾನೆ. (ಕೊನೆಯದನ್ನ ನಾನು ಪ್ರತಿವರ್ಷ ಹುಡುಗರಿಗೆ ಎರಡೆರಡು ಸಲ ಓದಿಸ್ತಿದ್ದೆ.) ಬರೆದ ಚಪಡ ಅನ್ನೋ ಲಿಪಿಕಾರ ಎಲ್ಲಾ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕರೇಣ' ಅನ್ನೋ ಒಂದೇ ಪದವನ್ನು ವಾಯುವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ನನಗೆ ಇನ್ನೊಂದು ಲಿಪಿನೂ ಬರುತ್ತೆ ನೋಡಿ ಅನ್ನೋ ಠೇಂಕಾರ. ಅಜಂತಾದ ಚಿತ್ರಗಾರರು ಒಬ್ಬರೂ ಹೀಗೆ ಹೆಸರು ಬಿಟ್ಟಿಲ್ಲ.

ಹೊಸದುರ್ಗದಾಕಿ

ಚಿತ್ರಗಾರರು ಅಂದಾಗ ನೆನಪಾಯ್ತು. 16ನೇ ಗುಹೆಯಲ್ಲಿ ಒಬ್ಬ ರಾಣಿ ಕುಸಿದು ಕೂತಿರೋ ಚಿತ್ರ ಇದೆಯಲ್ಲ, ಅದು ಯಾರು?

ಇದ್ದಿಲು

ಸುಂದರಿ, ಬುದ್ಧನ ಮಲತಮ್ಮ ನಂದನ ಹೆಂಡತಿ. ನಂದ ಅಣ್ಣನ ಹಿಂದೆ ಹೋಗಿ ಭಿಕ್ಷು ಆದ. ಒಬ್ಬ ಸೇವಕ ಅವನ ಕಿರೀಟ ಮಾತ್ರ ವಾಪಸ್ ತರ್ತಾನೆ. ಚಿತ್ರದಲ್ಲಿ ಆಕೆ ಅಳ್ತಿಲ್ಲ ನೋಡಿ. ಆಕೆಯ ಕತ್ತು ಜೋತುಬಿದ್ದಿದೆ, ಬೆರಳುಗಳಲ್ಲಿ ಶಕ್ತಿ ಇಲ್ಲ, ಹಿಂದೆ ಒಬ್ಬಳು ಆತುಕೊಂಡಿದ್ದಾಳೆ. ಬೆರಳು ಹಾಗೆ ಬರೆಯೋಕೆ ನಾನು ಎರಡು ವರ್ಷದಿಂದ ಹೆಣಗ್ತಿದೀನಿ, ನನ್ನವು ಬೆಂಡೆಕಾಯಿ ಥರ ಬರ್ತವೆ.

ಪೇಟೆಬೀದಿ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ಮಗಳು ಬರೆದು ಮುಗಿಸಿದಳು. ಪುಲಕೇಶಿ ಅಂತ ಮೊದಲು ಬರೆದಿದ್ದನ್ನ ಅಳಿಸದೆ, ಅಡ್ಡಗೆರೆ ಹಾಕಿ, ಕೆಳಗೆ ಯಾಕೆ ಅಲ್ಲ ಅಂತ ಬರೆದಿದಾಳೆ. ಹೋಗೋರಿಗೆ ಒಂದು ಮಾತು: ಸೋಮವಾರ ಅಜಂತಾ ಮುಚ್ಚಿರುತ್ತೆ, ಮಂಗಳವಾರ ಎಲ್ಲೋರ. ಲೆಕ್ಕ ಹಾಕಿ ಹೊರಡಿ. ಫ್ಲ್ಯಾಶ್ ಹೊಡೆಯಂಗಿಲ್ಲ. ವಯಸ್ಸಾದವರಿಗೆ ಡೋಲಿ ಸಿಗುತ್ತೆ. ಅಪ್ಪಾಜಿ ಹತ್ತಲಿಲ್ಲ, ಅದು ಬೇರೆ ಮಾತು.

ಇದ್ದಿಲು

ಸರ್, ಒಂದು ವಿನಂತಿ. ನಮ್ಮ ಕ್ಲಾಸಿನ ನಾಲ್ಕು ಜನ ಸೇರಿ ಅಜಂತಾ ಕ್ರಮದಲ್ಲೇ ಮಣ್ಣಿನ ಫಲಕ ಮಾಡಿ ಚಿತ್ರ ಬರೆಯೋಣ ಅಂತಿದೀವಿ. ಎರಡು ಸಲ ಮೆತ್ತಿದ್ವಿ, ಎರಡು ಸಲವೂ ಸೀಳಿ ಉದುರಿತು. ಅಪ್ಪಾಜಿ ಒಂದು ಭಾನುವಾರ ಬಂದು ತೋರಿಸ್ತಾರಾ?

ಪೇಟೆಬೀದಿ (ದಾವಣಗೆರೆ)

ಕೇಳಿದೆ. "ಕೂಲಿ ಎಷ್ಟು ಕೊಡ್ತಾರಂತೆ" ಅಂದ್ರು.

ಇದ್ದಿಲು

ಎರಡು ಬೆಣ್ಣೆದೋಸೆ, ಒಂದು ಕಾಫಿ. ನಾವು ಸ್ಟೂಡೆಂಟ್ಸು ಸರ್.

ಪೇಟೆಬೀದಿ (ದಾವಣಗೆರೆ)

ದೋಸೆಗೆ ಒಪ್ಪಿದಾರೆ. ಆದರೆ ಮಣ್ಣು ಈವತ್ತೇ ಜರಡಿ ಹಿಡಿದು, ಹೊಟ್ಟು ಸೇರಿಸಿ, ನೀರು ಹಾಕಿ ಕೊಳೆಯೋಕೆ ಬಿಡಬೇಕಂತೆ. ದಿನಾ ಒಂದು ಸಲ ತುಳೀಬೇಕಂತೆ, ಕೈಯಲ್ಲಿ ಅಲ್ಲ, ಕಾಲಲ್ಲಿ. ಎಂಟು ದಿನಕ್ಕೆ ವಾಸನೆ ಬಂದರೆ ಫೋನ್ ಮಾಡಿ, ಬರದಿದ್ದರೆ ಮಾಡೋದು ಬೇಡ ಅಂದ್ರು.